ಶಾಲೆಯ ಕರಿಹಲಗೆ

ಸೈನಿಕರು ಶಾಲೆಯನ್ನು ಶಿಬಿರ ಮಾಡಿಕೊಂಡಾಗ ಅವಳು ಒಂದನೇ ತರಗತಿಗೆ ಸೇರಿ ಮೂರೇ ದಿನವಾಗಿತ್ತು. ಅಣ್ಣನನ್ನು ದೂರದ ಪೇಟೆಯ ಶಾಲೆಗೆ ಹಾಕಿದ ಅಪ್ಪ, ‘ಹೆಣ್ಣುಮಗು ಮನೇಲಿದ್ರೇ ಕ್ಷೇಮ’ ಅಂದಿದ್ದ.

ಎರಡು ವರ್ಷ ಕಳೆದು ಸೈನಿಕರು ಜಾಗ ಖಾಲಿ ಮಾಡಿದರು. ಮರುದಿನ ಆಡು ಮೇಯಿಸಲು ಹೋದವಳು ಓಡೋಡಿ ಬಂದಳು.

‘ಅಮ್ಮಾ, ಶಾಲೆ ಶುರುವಾಯ್ತು! ಗೇಟಲ್ಲೇ ನಮ್ಮ ಕರಿಹಲಗೆ ನಿಲ್ಲಿಸಿದ್ದಾರೆ. ಮೇಷ್ಟ್ರು ಆಗ್ಲೇ ಪಾಠ ಬರೆದುಬಿಟ್ಟಿದ್ದಾರೆ!’

‘ಏನಂತ ಬರೆದಿದ್ದಾರೇ?’

‘ನಂಗೆಲ್ಲಿ ಓದೋಕೆ ಬರುತ್ತೆ? ಕಲಿಯೋಕೆ ತಾನೇ ಹೋಗೋದು! ಬೇಗ ಜಡೆ ಹಾಕಮ್ಮಾ, ಒಳಗೆ ಮೊದಲನೇ ಸಾಲಲ್ಲಿ ಕೂರ್ಬೇಕು.’

ಅಮ್ಮ ನಗುತ್ತಾ ಎರಡು ಜಡೆ ಹೆಣೆದು ಕಳಿಸಿದಳು.

ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ಒಳಗೆ ಕಾಲಿಡಬೇಡಿ. ನೆಲದಡಿ ಬಾಂಬುಗಳಿವೆ.’