ಪುಟ್ಟಿಯ ಮಾತ್ರೆ

"ಈ ಮಾತ್ರೆ ಇವತ್ತಿಗೇ ನಿಲ್ಸಿಬಿಡಿ," ಎನ್ನುತ್ತಾ ಡಾಕ್ಟರಮ್ಮ ಪುಟ್ಟಿಯ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಬಿಚ್ಚಿದರು. "ಈ ವಯಸ್ಸಿಗೆ ಬಿ.ಪಿ. ಇಷ್ಟು ಏರಬಾರದು. ತಲೆನೋವು, ವಾಂತಿ ಅಂದ್ರಲ್ಲ, ಅದೂ ಇದರದ್ದೇ."

ಪುಟ್ಟಿ ಹೆಸರಿಗೆ ಮಾತ್ರ ಪುಟ್ಟಿ. ಇಪ್ಪತ್ತು ದಾಟಿ ಒಂದೆರಡು ವರ್ಷವೇ ಆಗಿದೆ. ಮೈ ಬೆಳೆದಷ್ಟು ಬುದ್ಧಿ ಬೆಳೆಯಲಿಲ್ಲ, ಅಷ್ಟೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಾಯಿ ಕಲಿಸಿದ ಒಂದು ಕೆಲಸ ಮಾತ್ರ ಅವಳಿಗೆ ನೀರು ಕುಡಿದಷ್ಟು ಸಲೀಸು: ಬಟ್ಟೆ ಮಡಚುವುದು. ಕಣ್ಣಿಗೆ ಬಿದ್ದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಮೇಲೊಂದು ಸಲ ತಟ್ಟಿದರೇ ಅವಳಿಗೆ ಸಮಾಧಾನ. ಊಟಕ್ಕೆ ಕರೆಯಲಿ, ಕರೆಂಟು ಹೋಗಲಿ, ಹಿಡಿದ ಬಟ್ಟೆಯನ್ನು ಅವಳು ಅರ್ಧಕ್ಕೆ ಬಿಟ್ಟದ್ದಿಲ್ಲ. ಈಗಲೂ ಮಂಚದಿಂದ ಇಳಿದವಳೇ ಡಾಕ್ಟರಮ್ಮನ ಟವೆಲಿಗೆ ಕೈ ಹಾಕಿದ್ದಳು.

"ನಿಲ್ಸೋದು ಬೇಡ ಮೇಡಂ," ಎಂದಳು ತಾಯಿ. "ಮುಂಚೆ ಇವಳಿಗೆ ಮುಟ್ಟು ಯಾವಾಗ ಅಂದ್ರೆ ಆವಾಗ ಬರ್ತಿತ್ತು. ಹಿಂದಿನ ಡಾಕ್ಟ್ರು ಈ ಮಾತ್ರೆ ಕೊಟ್ಮೇಲೇ ಹಾದಿಗೆ ಬಂದಿದ್ದು. ನಿಲ್ಸಿದ್ರೆ ಇವಳಿಗೆ ಏನೂ ತಿಳಿಯಲ್ಲ, ಬಟ್ಟೆಯೆಲ್ಲ ಕೆಡಿಸ್ಕೋತಾಳೆ."

"ನಂಗೆ ತಿಳಿಯುತ್ತೆ," ಎಂದಳು ಪುಟ್ಟಿ, ಟವೆಲಿನಿಂದ ಕಣ್ಣೆತ್ತದೆ. "ಪ್ಯಾಡು ಸುತ್ತಿ, ಪೇಪರಲ್ಲಿ ಮಡಚಿ, ಡಬ್ಬಿಗೆ ಹಾಕಿ, ಕೈ ತೊಳ್ಕೊಳ್ಳೋದು. ನೀನೇ ಹೇಳ್ಕೊಟ್ಟಿದ್ದಲ್ವಾ ಅಮ್ಮ?"

ಡಾಕ್ಟರಮ್ಮನಿಗೆ ನಗು ಬಂತು. ತಾಯಿಗೆ ಬರಲಿಲ್ಲ. ಹೇಳಿಕೊಡಲು ಪಟ್ಟ ಪಾಡು ಅವಳಿಗೇ ಗೊತ್ತು. ಬೇರೆ ದಿನವಾಗಿದ್ದರೆ ಮಗಳ ಈ ಮಾತಿಗೆ ಹಿಗ್ಗಿಹೋಗುತ್ತಿದ್ದಳು.

"ಹೆದರ್ಬೇಡಿ, ಬೇರೆ ಮಾತ್ರೆ ಬರೀತೀನಿ," ಎಂದರು ಡಾಕ್ಟರಮ್ಮ. "ತಿಂಗಳಲ್ಲಿ ಕೆಲವೇ ದಿನ ತಗೊಂಡ್ರೆ ಸಾಕು. ಬಿ.ಪಿ. ತಂಟೆಗೆ ಹೋಗಲ್ಲ."

"ಅದು ಇದರ ಕೆಲಸ ಎಲ್ಲಾ ಮಾಡುತ್ತಾ?"

"ಮುಟ್ಟು ಸರಿಯಾಗಿ ಬರುತ್ತೆ."

"ಅದಲ್ಲ." ತಾಯಿ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇನ್ನೊಂದು ಕೆಲಸ."

"ಬಸಿರಾಗೋದನ್ನ ತಡೆಯಲ್ಲ. ಈಗ ತಗೋತಿರೋ ಮಾತ್ರೆ ಅದನ್ನೂ ತಡೆಯುತ್ತೆ, ನಿಜ. ಆದ್ರೆ ಇವಳಿಗೆ ಅದು…" ಡಾಕ್ಟರಮ್ಮನ ಮಾತು ಅಲ್ಲಿಗೇ ನಿಂತಿತು. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದು, ತಾಯಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಮನೇಲಿ ಯಾರಿದ್ದಾರೆ?"

"ನನ್ನ ತಮ್ಮ." ತಾಯಿಯ ದನಿ ತಗ್ಗಿತು. "ಕೆಲಸ ಹೋದಾಗಿಂದ ನಮ್ಮಲ್ಲೇ ಇದ್ದಾನೆ. ನಾನು ಬೆಳಿಗ್ಗೆ ಹೋದ್ರೆ ಬರೋದು ಸಂಜೆ. ಮುಂಚೆ ಇವಳು ಕಿಟಕೀಲಿ ನಿಂತು ಕೈ ಬೀಸಿ ಕಳಿಸ್ತಿದ್ಲು. ಈಗ ನಾನು ಚಪ್ಪಲಿ ಮೆಟ್ಟಿದ್ರೆ ಸಾಕು, ಸೆರಗು ಹಿಡ್ಕೊಂಡು ಬಿಡೋದೇ ಇಲ್ಲ."

"ಯಾಕೆ ಅಂತ ಇವಳನ್ನ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಹೇಳ್ಬಿಡ್ತಾಳೆ ಮೇಡಂ. ಇವಳಿಗೆ ಸುಳ್ಳು ಬರಲ್ಲ." ತಾಯಿಯ ಕಣ್ಣು ತುಂಬಿ ಬಂತು. "ಹೇಳ್ಬಿಟ್ರೆ ನಾನೇನ್ ಮಾಡ್ಲಿ? ನಾನೇ ಎತ್ತಿ ಆಡಿಸಿದ ತಮ್ಮ ಅವನು. ಹಾಗೇನೂ ಇರಲ್ಲ ಅಂದ್ಕೊಂಡು ದಿನಾ ಕೆಲಸಕ್ಕೆ ಹೋಗ್ತೀನಿ. ಹೋಗೋ ಮುಂಚೆ ಇವಳ ಬಾಯಿಗೆ ಮಾತ್ರೆ ಹಾಕ್ತೀನಿ."

ಮಡಚಿದ ಟವೆಲನ್ನು ಮೇಜಿನ ಮೂಲೆಗಿಟ್ಟು, ತಟ್ಟಿ, ಪುಟ್ಟಿ ಮಂಚದ ಮೇಲಿನ ಹಾಸನ್ನು ಎಳೆದುಕೊಂಡಳು. ಅದು ಉದ್ದನೆಯ ಹಾಸು. ಎರಡೂ ತೋಳುಗಳನ್ನು ಚಾಚಿ ಹಿಡಿಯಬೇಕಾಯಿತು. ಡಾಕ್ಟರಮ್ಮ ಅವಳನ್ನೇ ನೋಡಿದರು. ಅವರಿಗೆ ಸಿಟ್ಟು ಬಂದಿತ್ತು. ಆದರೆ ಅಳುತ್ತಿರುವ ಈ ಹೆಂಗಸಿನ ಮೇಲೆ ಅದನ್ನು ತೀರಿಸಿಕೊಳ್ಳುವಂತಿರಲಿಲ್ಲ.

"ಈ ಮಾತ್ರೆ ಅವನನ್ನ ತಡೆಯಲ್ಲಮ್ಮ," ಎಂದರು. "ನಿಮಗೆ ಗೊತ್ತಾಗೋದನ್ನ ತಡೆಯುತ್ತೆ, ಅಷ್ಟೆ."

ತಾಯಿ ಮುಖ ಒರೆಸಿಕೊಂಡಳು.

"ಇಲ್ಲೇ, ನನ್ನೆದುರಿಗೇ ಕೇಳಿ. ಏನೂ ಇಲ್ಲದಿದ್ರೆ ನಿಮ್ಮೆದೆ ಹಗುರಾಗುತ್ತೆ. ಇದ್ರೆ ಮುಂದಿನದಕ್ಕೆ ನಾನಿದ್ದೀನಿ. ಇವಳನ್ನ ಇವತ್ತು ಆ ಮನೆಗೆ ಕಳಿಸಲ್ಲ."

ತಾಯಿ ಎದ್ದು ಮಗಳ ಹತ್ತಿರ ಹೋದಳು. ಕೆದರಿದ ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಆಮೇಲೆ ಕೇಳಿದಳು.

"ಪುಟ್ಟಿ, ನಾನು ಕೆಲಸಕ್ಕೆ ಹೋದ್ಮೇಲೆ ಮಾಮ ಏನ್ ಮಾಡ್ತಾನೆ?"

ಅಂಚಿಗೆ ಅಂಚು ಕೂಡಿಸುತ್ತಿದ್ದ ಕೈಗಳು ಅಲ್ಲೇ ನಿಂತವು. ಅರ್ಧ ಮಡಚಿದ ಹಾಸು ಜಾರಿ ನೆಲಕ್ಕೆ ಬಿತ್ತು. ಪುಟ್ಟಿ ಅದನ್ನು ಎತ್ತಿಕೊಳ್ಳಲಿಲ್ಲ.