ಹನ್ನೊಂದು ಗಂಟೆಯ ಮಿಡಿತ

ಬೆನ್ನೊಳಗೆ ಕೂತು ನೋವು ಮರೆಸುವ ಕರೆಂಟಿನ ಯಂತ್ರವನ್ನು ಅತ್ತೆ ಹೊಸದಾಗಿ ಹಾಕಿಸಿಕೊಂಡರು. ಹಳೆಯದು, ಬಳೆ-ಸರದಂತೆಯೇ, ಸೊಸೆ ವಾರಿಜಾಳ ಬೆನ್ನೊಳಗೆ ಬಂತು. ನೋವೇನೋ ಅಡಗಿತು. ಆದರೆ ದಿನವೂ ಹನ್ನೊಂದಕ್ಕೆ, ಅವಳು ಬ್ಯಾಂಕಿನಲ್ಲಿ ನೆಟ್ಟಗೆ ಕೂತಿದ್ದರೂ, ಅದು ಜೋರಾಗಿ ಮಿಡಿಯುತ್ತಿತ್ತು.

"ಬಗ್ಗಿದಾಗ ಇದು ಜೋರಾಗಿ ಮಿಡಿಯುತ್ತೆ. ಮೊದಲು ಹಾಕಿಸಿಕೊಂಡಿದ್ದವರು ದಿನಾ ಬಗ್ಗುತ್ತಿದ್ದ ಹೊತ್ತನ್ನು ಅದಿನ್ನೂ ಮರೆತಿಲ್ಲ ಮೇಡಂ," ಎಂದ ರಿಪೇರಿಯವನು.

"ನೀನು ಬ್ಯಾಂಕಿಗೆ ಹೋದಮೇಲೆ ನಾನು ಒಂದು ಕಡ್ಡಿಯನ್ನೂ ಎತ್ತುವುದಿಲ್ಲಮ್ಮ," ಎಂದರು ಅತ್ತೆ, ಅವಳು ಮನೆಗೆ ಬಂದು ಕೇಳಿದಾಗ.

ವಾರಿಜಾಳಿಗೆ ನಂಬಿಕೆ ಬರಲಿಲ್ಲ. ತಾನು ಸೊಸೆಯಾಗಿ ಬಂದ ಈ ಎಂಟು ವರ್ಷದಿಂದ, ತಾನಿಲ್ಲದಾಗ ಮನೆಯಲ್ಲಿ ಏನು ನಡೆಯುತ್ತಿದೆ?

ಮರುದಿನ ಹನ್ನೊಂದಕ್ಕೆ ಸದ್ದಿಲ್ಲದೆ ಮನೆಗೆ ಬಂದಳು. ಬೆನ್ನು ಮಿಡಿಯಿತು. ಹಿತ್ತಲಲ್ಲಿ ಅತ್ತೆ ಬಗ್ಗಿ, ಬೆಳಿಗ್ಗೆ ಅವಳು ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತಿಕ್ಕುತ್ತಿದ್ದರು.

ತಿರುಗಿ ನೋಡದೆಯೇ ಅವರೆಂದರು: "ಈ ಕುಕ್ಕರಿನ ತಳವನ್ನು ನೀನೇ ಸರಿಯಾಗಿ ತಿಕ್ಕಿದ್ದರೆ ನನಗೆ ಇನ್ನೊಂದು ಯಂತ್ರ ಬೇಕಾಗುತ್ತಿರಲಿಲ್ಲ."