ಕಿಟಕಿ ಇರುವ ರೂಮು

“ಉನಾ ಅಬಿತಾಸ್ಯೋನ್, ಪೋರ್ ಫಾವೋರ್” ಎಂದ ಸಿದ್ದರಾಮು, ಮದ್ದೂರು ಸ್ಟೇಷನ್ ಎದುರಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತು. ಹೋಟೆಲಿನ ಯಜಮಾನ ಶೇಷಪ್ಪಯ್ಯ ತಲೆ ಎತ್ತಿ ನೋಡಿದ. ತಲೆಗೆ ಹ್ಯಾಟು, ಮೈಗೆ ಕೋಟು, ಕಾಲಿಗೆ ಮಿರಮಿರ ಮಿಂಚುವ ಬೂಟು. ಸಾಲದ್ದಕ್ಕೆ ತಿಳಿಯದ ಭಾಷೆ ಬೇರೆ. ಆಡಿದ ಮಾತು ತಿಳಿಯದಿದ್ದರೆ ನಮ್ಮ ಜನಕ್ಕೆ ಮರ್ಯಾದೆ ತಾನಾಗಿ ಹುಟ್ಟಿಬಿಡುತ್ತದೆ. ಶೇಷಪ್ಪಯ್ಯ ಎದ್ದೇ ನಿಂತ.

“ರೂಮು? ರೂಮು ಬೇಕೇ ಸರ್?”

“ಸೀ, ಸೆನ್ಯೋರ್. ಕೋನ್ ವೆಂತಾನಾ” ಎಂದು ಸಿದ್ದರಾಮು ಗಾಳಿಯಲ್ಲೇ ಒಂದು ಕಿಟಕಿಯ ಬಾಗಿಲು ತೆರೆದು ತೋರಿಸಿದ. ಆಮೇಲೆ, ತಾವು ಇಬ್ಬರು ಎಂದು ಎರಡು ಬೆರಳು ಎತ್ತಿದ.

ಯುದ್ಧದ ಕಾಲದಲ್ಲಿ ಅವನು ಹಡಗಿನ ಅಡಿಗೆಮನೆ ಸೇರಿದ್ದ. ಹಡಗು ಕೆಟ್ಟು ಬ್ಯೂನಸ್ ಐರಿಸ್ ಬಂದರಿನಲ್ಲಿ ನಿಂತಾಗ ಅಲ್ಲಿನ ಸಣ್ಣ ಹೋಟೆಲೊಂದರಲ್ಲಿ ಇಳಿದುಕೊಂಡಿದ್ದ. ಇವು ಅಲ್ಲಿಯ ಯಜಮಾನಿ ನಗುನಗುತ್ತ ಕಲಿಸಿದ ಸ್ಪ್ಯಾನಿಷ್ ಮಾತುಗಳು. ರೂಮು ಕೇಳುವುದನ್ನು ಅವನು ಕಲಿತದ್ದೇ ಆ ಭಾಷೆಯಲ್ಲಿ. ಕನ್ನಡದಲ್ಲಿ ಆ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಶೇಷಪ್ಪಯ್ಯನಂಥವರ ಮುಂದೆ ಕನ್ನಡವೆಂದರೆ ಮೊದಲು ‘ಬುದ್ದೀ’ ಎಂಬ ಮಾತು ಬರುತ್ತಿತ್ತು, ಅದರ ಹಿಂದೆಯೇ ಬೆನ್ನು ಬಗ್ಗುತ್ತಿತ್ತು. ಇವತ್ತು ಬಗ್ಗುವ ಹಾಗಿರಲಿಲ್ಲ. ಮಗ ಬರುತ್ತಾನೆಂದು ಹಲಗೂರಿನಿಂದ ಒಂದು ದಿನ ಮುಂಚೆಯೇ ಬಂದಿದ್ದ ಅವ್ವ ಮುದ್ದಮ್ಮ ಸ್ಟೇಷನ್ನಿನ ಕಲ್ಲುಹಾಸಿನ ಮೇಲೆ ಮಲಗಿ ಕೆಮ್ಮು ಹತ್ತಿಸಿಕೊಂಡಿದ್ದಳು. ರೈಲು ತಡವಾಗಿ, ಊರಿನ ಬಸ್ಸೂ ತಪ್ಪಿಹೋಗಿತ್ತು. ಇನ್ನೊಂದು ರಾತ್ರಿ ಅವಳು ಆ ಕಲ್ಲಿನ ಮೇಲೆ ಮಲಗಕೂಡದು.

ಶೇಷಪ್ಪಯ್ಯ ಮಹಡಿಯ ರೂಮಿನ ಬೀಗದ ಕೈ ತೆಗೆದು ಮುಂದೆ ಚಾಚಿದ. ಅಷ್ಟರಲ್ಲಿ ಬೀದಿಯಿಂದ ಮುದ್ದಮ್ಮನ ದನಿ ಕೇಳಿತು. ಅವಳು ಮೆಟ್ಟಿಲು ಹತ್ತದೆ ಚರಂಡಿಯ ಆಚೆಯೇ ನಿಂತಿದ್ದಳು.

“ಬುದ್ದೀ, ತೆಪ್ಪಾಯ್ತು. ನನ್ ಐದ ದೇಸಾಂತರ ಓಗಿದ್ದ, ಇಲ್ಲೀ ರೀತಿ ಮರ್ತವ್ನೆ. ಮನಸ್ಸಿಗೆ ಆಕ್ಕಬ್ಯಾಡಿ. ಬಾ ಕಣ್ಲಾ ಸಿದ್ದರಾಮು, ಟೇಸನ್ನಿಗೆ ಓಗುವ.”

ಬೀಗದ ಕೈ ಸರಕ್ಕನೆ ಹಿಂದಕ್ಕೆ ಹೋಯಿತು. “ಕೇರಿಯವನೇನೋ ನೀನು? ಏನೋ ಇದು ವೇಷ?”

ಸಿದ್ದರಾಮು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೆನ್ನು ಮಾತ್ರ ಬಗ್ಗಲಿಲ್ಲ. “ವೇಸ ಅಲ್ಲ ಸ್ವಾಮಿ, ನನ್ ಬಟ್ಟೆ. ಒಂದ್ ರೂಮ್ ಬೇಕು. ಕಿಟ್ಕಿ ಇರ್ಬೇಕು. ಆಗ್ಲೂ ಅದ್ನೇ ಕೇಳಿದ್ದು. ತಿಳೀದಿರೋ ಬಾಸೇಲಿ ಕೇಳ್ದಾಗ ಎದ್ ನಿಂತ್ಕಂಡು ಕೊಟ್ರಿ. ತಿಳಿಯೋ ಬಾಸೇಲಿ ಕೇಳುದ್ರೆ ಕಿತ್ಕತೀರಲ್ಲ?”

ಶೇಷಪ್ಪಯ್ಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಮನುಷ್ಯ ಕೆಟ್ಟವನೇನಲ್ಲ, ಪುಕ್ಕಲು ಅಷ್ಟೆ. ಒಮ್ಮೆ ಅಡಿಗೆಮನೆಯ ಕಡೆ ನೋಡಿದ, ಒಮ್ಮೆ ಬೀದಿಯ ಕಡೆ ನೋಡಿದ; ಯಾರೂ ಕೇಳಿಸಿಕೊಂಡ ಹಾಗಿರಲಿಲ್ಲ. ಸಿದ್ದರಾಮು ಪಕ್ಕದಲ್ಲಿದ್ದ ಕುರ್ಚಿ ಎಳೆದು ಕಾಲ ಮೇಲೆ ಕಾಲು ಹಾಕಿ ಕೂತ.

“ಯೋಚ್ನೆ ಮಾಡಿ. ನಾನೆಲ್ಲೂ ಓಗಾಕಿಲ್ಲ.”

ಕೊನೆಗೆ ಶೇಷಪ್ಪಯ್ಯ ಬಗ್ಗಿ ಪಿಸುಗುಟ್ಟಿದ: “ನೋಡಪ್ಪ, ಕೊಡ್ತೀನಿ. ಗೋವಾ ಕಡೆಯ ದೊಡ್ಡ ಜನ ಅಂತ ಎಲ್ಲರಿಗೂ ಹೇಳ್ತೀನಿ. ನೀನು ನಿನ್ನ ಆ ಭಾಷೇನೇ ಆಡ್ತಾ ಇರು. ನಿಮ್ಮಮ್ಮ ಮಾತ್ರ ನಾಳೆ ಬಸ್ಸು ಹತ್ತೋವರೆಗೂ ತುಟಿ ಬಿಚ್ಚಬಾರದು. ಬಿಚ್ಚಿದರೆ ನನ್ನ ಗಿರಾಕಿಗಳೆಲ್ಲ ಎಲೆ ಬಿಟ್ಟು ಎದ್ದು ಹೋಗ್ತಾರೆ.”

ಸಿದ್ದರಾಮುವಿಗೆ ಮೈಯೆಲ್ಲ ಉರಿಯಿತು. ಎದ್ದು ಹೋಗೋಣ ಎನ್ನುವಷ್ಟರಲ್ಲಿ ಅವ್ವ ಮತ್ತೆ ಕೆಮ್ಮಿದಳು. ಒಪ್ಪಿಕೊಂಡ. ಮಹಡಿ ಹತ್ತುವಾಗ ಮೆಲ್ಲಗೆ ವಿಷಯ ತಿಳಿಸಿದರೆ ಅವಳು, “ನಾನೇನ್ ಮೂಗಿಯೇನ್ಲಾ?” ಎಂದು ಒಂದೇ ಮಾತು ಕೇಳಿದಳು. ಮಂಚದ ಮೇಲೆ ಕೈಯಾಡಿಸಿ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಕೆಮ್ಮು ತಗ್ಗಿ ಅವಳಿಗೆ ಒಳ್ಳೆಯ ನಿದ್ದೆ ಹತ್ತಿತು.

ಬೆಳಿಗ್ಗೆ ಕೆಳಗೆ ಇಳಿದಾಗ ಹೋಟೆಲು ಗಿಜಿಗುಡುತ್ತಿತ್ತು. ಶೇಷಪ್ಪಯ್ಯ ಸುದ್ದಿಯನ್ನು ಚೆನ್ನಾಗಿಯೇ ಹಬ್ಬಿಸಿದ್ದ. ಮಗ ಬೊಂಬಾಯಿಯಿಂದ ತಂದ ಹೊಸ ಸೀರೆ ಉಟ್ಟಿದ್ದ ಮುದ್ದಮ್ಮನನ್ನು ಜನ ಕಣ್ಣರಳಿಸಿ ನೋಡಿದರು. ಕರಿಕೋಟಿನ ವಕೀಲರೊಬ್ಬರು ಬೆಂಚಿನಲ್ಲಿ ಸರಿದು, “ಇಲ್ಲಿ ಕೂತ್ಕೊಳ್ಳಿ ತಾಯಿ” ಎಂದು ಜಾಗ ಕೊಟ್ಟರು. ಅವಳು ಕೂತಳು. ಮಾಣಿಗಳನ್ನು ಹತ್ತಿರ ಬಿಟ್ಟರೆ ಎಲ್ಲಿ ಗುಟ್ಟು ರಟ್ಟಾದೀತೋ ಎಂದು ಶೇಷಪ್ಪಯ್ಯನೇ ಕಾಫಿ ತಂದಿಟ್ಟ.

“ಗ್ರಾಸಿಯಾಸ್” ಎಂದ ಸಿದ್ದರಾಮು.

ಮುದ್ದಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಮಗನ ಮುಖ ನೋಡಿದಳು. ಪಕ್ಕದ ವಕೀಲರನ್ನು ನೋಡಿದಳು. ಶೇಷಪ್ಪಯ್ಯ ಬೇಡ ಬೇಡವೆಂದು ಕಣ್ಣಲ್ಲೇ ಕೈಮುಗಿಯುತ್ತಿದ್ದ. ಅವಳು ಲೋಟವನ್ನು ಅವನ ಕಡೆಗೆ ತಳ್ಳಿ, ಹಲಗೂರು ಸಂತೆಯಲ್ಲಿ ಕೂಗುವ ದನಿಯಲ್ಲಿ, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದಳು:

“ಕಾಪಿ ತಣ್ಣಗಾಗೋಗದೆ ಕಣಯ್ಯ. ಬಿಸೀದು ತಕ್ಕಂಬಾ.”